ಬೈಕಿನ ಮುಂಗವಲು: ಬದಲಿಸುವ ಮುನ್ನ ಅರಿಯಬೇಕಾದ ಅಳತೆಗಳು

ಪತ್ತಿಕೊಂಡದಿಂದ ಆದವಾನಿಯತ್ತಲೋ ಗುತ್ತಿಯತ್ತಲೋ ಹೊರಟ ಬೈಕು ಮುಖ್ಯರಸ್ತೆಯನ್ನು ಬಿಟ್ಟು ಒಳಹಳ್ಳಿಯ ದಾರಿ ಹಿಡಿದೊಡನೆ ಅದರ ಮುಂಚಕ್ರಕ್ಕೆ ನಿಜವಾದ ಕೆಲಸ ಆರಂಭವಾಗುತ್ತದೆ. ಎರೆಭೂಮಿ ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ. ಅದರ ಮೇಲೆ ಹಾಕಿದ ಡಾಂಬರೂ ಅದರೊಡನೆ ಏಳುತ್ತ ಬೀಳುತ್ತ ಅಲೆಯಾಗುತ್ತದೆ. ಟೊಮೆಟೊ ಹೇರಿಕೊಂಡು ಮಾರುಕಟ್ಟೆಗೆ ಬರುವ ವಾಹನಗಳ ಭಾರ ಉಳಿದುದನ್ನು ಪೂರೈಸುತ್ತದೆ. ಮುಂಗಾರಿನ ಮೊದಲ ಮಳೆ ಬಿದ್ದು ತುಗ್ಗಲಿ, ಜೊನ್ನಗಿರಿಯ ಹೊಲಗಳಲ್ಲಿ ಜನ ವಜ್ರವನ್ನು ಅರಸತೊಡಗಿದಾಗ ಬೈಕುಗಳು ಹೊಲದ ಬದುವಿನವರೆಗೂ ಹೋಗುತ್ತವೆ. ಹಳೆಯ ಬೈಕಿನ ಸಣಕಲು ಫೋರ್ಕನ್ನು ಕಳಚಿ ಸ್ಪೋರ್ಟ್ಸ್ ಬೈಕಿನ ದಪ್ಪ ಫೋರ್ಕನ್ನು ಕೂರಿಸಬೇಕೆಂಬುದು ಹಳೆಯ ಬೈಕುಗಳನ್ನು ಪ್ರೀತಿಸುವ ಯುವಕರಲ್ಲಿ ಎಲ್ಲೆಡೆ ಕಾಣುವ ಆಸೆ. ಆ ಆಸೆಯನ್ನು ಅಳೆದು ನೋಡಬೇಕಾದುದು ಇಂಥ ನೆಲದ ಮೇಲೆಯೇ.

ಫೋರ್ಕ್ ಎಂಬುದಕ್ಕೆ ಕನ್ನಡದಲ್ಲಿ ಕವಲು, ಕವೆ ಎಂಬ ಮಾತುಗಳಿವೆ. ಮರದ ಕೊಂಬೆ ಎರಡಾಗಿ ಒಡೆದಲ್ಲಿ ಕತ್ತರಿಸಿ ಮಾಡಿದ ಕೋಲೇ ಕವೆಗೋಲು. ಬೈಕಿನ ಮುಂಗವಲೂ ಅಂಥದೇ: ಮೇಲೆ ಒಂದೇ ಕಾಂಡ, ಕೆಳಗೆ ಎರಡು ಕಾಲು, ಕಾಲುಗಳ ನಡುವೆ ಚಕ್ರ. ಕಾಂಡವನ್ನು ಕೆಲಸಗಾರರು ಟೀ ಸ್ಟೆಮ್ ಎನ್ನುತ್ತಾರೆ. ಅದು ತಿರುಗುವ ಬೇರಿಂಗುಗಳ ಜೋಡಿಗೆ ಕೋನ್ ಸೆಟ್ ಎಂದು ಹೆಸರು. ಪ್ರತಿಯೊಂದು ಕಾಲಿನಲ್ಲಿಯೂ ಒಂದರೊಳಗೊಂದು ಜಾರುವ ಎರಡು ಕೊಳವೆಗಳು, ಒಳಗೊಂದು ಸ್ಪ್ರಿಂಗು, ಒಂದಿಷ್ಟು ಎಣ್ಣೆ. ಪೆಟ್ಟನ್ನು ನುಂಗುವುದು ಸ್ಪ್ರಿಂಗು. ಆದರೆ ನುಂಗಿದ್ದನ್ನು ಅದು ಹಾಗೆಯೇ ಹಿಂದಿರುಗಿಸುವುದರಿಂದ, ಎಣ್ಣೆ ಇಲ್ಲದಿದ್ದರೆ ಬೈಕು ಒಂದೇ ಗುಂಡಿಗೆ ಹಲವು ಬಾರಿ ಕುಪ್ಪಳಿಸುತ್ತದೆ. ಕಿರುರಂಧ್ರಗಳ ಮೂಲಕ ಬಲವಂತವಾಗಿ ಹಾಯುವ ಎಣ್ಣೆಯು ಆ ಕುಪ್ಪಳಿಕೆಯನ್ನು ತಣಿಸುತ್ತದೆ. ಎಣ್ಣೆಯ ತಣಿಕೆಯುಳ್ಳ ಇಂಥ ಫೋರ್ಕನ್ನು 1935ರಲ್ಲಿ ಬಿಎಂಡಬ್ಲ್ಯು ತನ್ನ ಆರ್12 ಬೈಕಿಗೆ ಅಳವಡಿಸಿತು. ಬುಲೆಟ್, ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಬಂದ ಜಾವಾ ಮತ್ತು ಯೆಜ್ಡಿ, ಆಮೇಲಿನ ಆರ್‌ಎಕ್ಸ್ 100, ಇವೆಲ್ಲ ಆ ಮಾದರಿಯ ಫೋರ್ಕನ್ನೇ ಹೊತ್ತು ಓಡಿದವು.

ಸ್ಪೋರ್ಟ್ಸ್ ಬೈಕಿನಲ್ಲಿ ಈ ವ್ಯವಸ್ಥೆ ತಲೆಕೆಳಗಾಗಿರುತ್ತದೆ. ಹಳೆಯದರಲ್ಲಿ ಸಣ್ಣ ಕೊಳವೆ ಮೇಲೆ, ದಪ್ಪ ಕೊಳವೆ ಕೆಳಗೆ. ಇಲ್ಲಿ ದಪ್ಪನೆಯದು ಮೇಲೇರಿ ಚೌಕಟ್ಟಿನ ಕಡೆ ಸೇರುತ್ತದೆ, ಸಣ್ಣದು ಚಕ್ರವನ್ನು ಹಿಡಿಯುತ್ತದೆ. ಕಾರಣ ಸರಳವಾದುದು. ಬ್ರೇಕ್ ಒತ್ತಿದಾಗ ಫೋರ್ಕನ್ನು ಬಾಗಿಸುವ ಒತ್ತಡ ಅತಿ ಹೆಚ್ಚಾಗುವುದು ಕಾಲುಗಳನ್ನು ಹಿಡಿದಿರುವ ಕೆಳಗಿನ ಹಿಡಿಕೆಯ ಬಳಿ. ದಪ್ಪ ಕೊಳವೆ ಅಲ್ಲಿಯೇ ಇರುವುದು ಯುಕ್ತ. ಗೋಡೆಯ ದಪ್ಪ ಒಂದೇ ಇದ್ದರೂ 30 ಮಿ.ಮೀ. ಕೊಳವೆಗಿಂತ 41 ಮಿ.ಮೀ. ಕೊಳವೆ ಬಾಗುವಿಕೆಯನ್ನು ಸುಮಾರು ಎರಡೂವರೆ ಪಟ್ಟು ಹೆಚ್ಚು ತಡೆಯುತ್ತದೆ. ಕನ್ನಡಿಗರೂ ನೆಲೆಸಿರುವ ಗಡಿನಾಡು ಹೊಸೂರಿನ ಟಿವಿಎಸ್ ಸಂಸ್ಥೆಯು 2017ರ ಕೊನೆಯಲ್ಲಿ ಹೊರತಂದ ಅಪಾಚೆ ಆರ್‌ಆರ್ 310 ಬೈಕಿನಲ್ಲಿರುವುದು ಇಂಥದೇ ಫೋರ್ಕು. ಅದಕ್ಕೂ ಮೊದಲು, 2012ರಲ್ಲಿ, ಕೆಟಿಎಂ ಡ್ಯೂಕ್ 200 ಈ ಬಗೆಯ ಫೋರ್ಕನ್ನು ಸಾಮಾನ್ಯ ಯುವಕನ ಕಣ್ಣಳತೆಗೆ ತಂದಿತ್ತು. ಗುಜರಿ ಅಂಗಡಿಗಳಲ್ಲಿ ಅವು ಸಿಗತೊಡಗಿದ ಮೇಲೆ ಆಸೆಗೆ ಕಾಲು ಬಂದವು.

ಫೋರ್ಕನ್ನು ಕೊಳ್ಳುವವನು ಸಾಮಾನ್ಯವಾಗಿ ಅದರ ದಪ್ಪವನ್ನೂ ಬಣ್ಣವನ್ನೂ ನೋಡುತ್ತಾನೆ. ಬೈಕು ನೆಟ್ಟಗೆ ಓಡುವುದೋ ಇಲ್ಲವೋ ಎಂಬುದು ಮಾತ್ರ ಕಣ್ಣಿಗೆ ಬೀಳದ ಒಂದು ಅಳತೆಯನ್ನು ಅವಲಂಬಿಸಿದೆ. ಅದರ ಹೆಸರು ಟ್ರೇಲ್. ಕಚೇರಿಯ ತಿರುಗುಕುರ್ಚಿಯನ್ನು ತಳ್ಳಿದಾಗ ಅದರ ಕಾಲಿನ ಪುಟ್ಟ ಗಾಲಿಗಳೆಲ್ಲ ತಾವಾಗಿ ಹಿಂದಕ್ಕೆ ತಿರುಗಿ ಕುರ್ಚಿಯನ್ನು ಹಿಂಬಾಲಿಸುತ್ತವೆ. ಗಾಲಿ ನೆಲವನ್ನು ಮುಟ್ಟುವ ಬಿಂದುವು ಅದು ತಿರುಗುವ ಅಚ್ಚಿನ ಹಿಂದೆ ಇರುವುದೇ ಇದಕ್ಕೆ ಕಾರಣ. ಬೈಕಿನಲ್ಲಿಯೂ ಹಾಗೆಯೇ. ಟೀ ಸ್ಟೆಮ್ಮಿನ ಅಚ್ಚನ್ನು ನೆಲದವರೆಗೆ ನೇರವಾಗಿ ಎಳೆದರೆ ಆ ಗೆರೆಯು ಟೈರು ನೆಲ ಮುಟ್ಟುವ ಜಾಗಕ್ಕಿಂತ ಮುಂದೆ ಬೀಳುತ್ತದೆ. ಈ ಎರಡು ಬಿಂದುಗಳ ನಡುವಿನ ಅಂತರವೇ ಟ್ರೇಲ್. ಇದನ್ನು ‘ಹಿಂಸರಿತ’ ಎಂದು ಕನ್ನಡಿಸಲು ಅಡ್ಡಿಯಿಲ್ಲ. ಮೆಕ್ಯಾನಿಕ್ಕಿನ ಬಾಯಲ್ಲಿ ಅದು ಉಳಿಯುವ ಸಂಭವ ಕಡಿಮೆ. ಟ್ರೇಲ್ ಸಾಕಷ್ಟಿದ್ದರೆ ಗುಂಡಿಗೆ ಬಿದ್ದ ಚಕ್ರ ತಾನಾಗಿ ನೇರವಾಗುತ್ತದೆ. ಕಡಿಮೆಯಾದರೆ ಹ್ಯಾಂಡಲ್ ಹಗುರವೆನಿಸುತ್ತದೆ, ಚುರುಕೆನಿಸುತ್ತದೆ; ವೇಗದಲ್ಲಿ ಒಂದು ಗುಂಡಿ ಸಿಕ್ಕರೆ ಎಡಬಲಕ್ಕೆ ಬಡಿದಾಡತೊಡಗುತ್ತದೆ.

ಟ್ರೇಲನ್ನು ನಿರ್ಣಯಿಸುವ ಅಳತೆಗಳು ಮೂರು: ಚಕ್ರದ ತ್ರಿಜ್ಯ, ಟೀ ಸ್ಟೆಮ್ಮಿನ ಓರೆ, ಮತ್ತು ಸ್ಟೆಮ್ಮಿನ ಅಚ್ಚಿನಿಂದ ಫೋರ್ಕಿನ ಕಾಲುಗಳು ಎಷ್ಟು ಮುಂದಿವೆ ಎಂಬ ಆಫ್‌ಸೆಟ್. ತ್ರಿಜ್ಯವನ್ನು ಓರೆಕೋನದ ಸೈನ್‌ನಿಂದ ಗುಣಿಸಿ, ಆಫ್‌ಸೆಟ್ಟನ್ನು ಕಳೆದು, ಶೇಷವನ್ನು ಅದೇ ಕೋನದ ಕೊಸೈನ್‌ನಿಂದ ಭಾಗಿಸಿದರೆ ಟ್ರೇಲ್ ದೊರೆಯುತ್ತದೆ. ತ್ರಿಜ್ಯ 300 ಮಿ.ಮೀ., ಓರೆ 26 ಡಿಗ್ರಿ, ಆಫ್‌ಸೆಟ್ 50 ಮಿ.ಮೀ. ಇರುವ ಒಂದು ಬೈಕನ್ನು ಕಲ್ಪಿಸಿಕೊಂಡರೆ ಟ್ರೇಲ್ ಸುಮಾರು 91 ಮಿ.ಮೀ. ಬರುತ್ತದೆ. ಈಗ ಹೊಸ ಫೋರ್ಕು 50 ಮಿ.ಮೀ. ಗಿಡ್ಡವಾಗಿದೆ ಎನ್ನೋಣ. ಸ್ಪೋರ್ಟ್ಸ್ ಬೈಕಿನ ಫೋರ್ಕು ಗಿಡ್ಡವಾಗಿರುವುದೇ ಹೆಚ್ಚು. ಬೈಕಿನ ಮೂತಿ ಕೆಳಗಿಳಿಯುತ್ತದೆ. ಚಕ್ರಗಳ ನಡುವಿನ ಅಂತರ 1300 ಮಿ.ಮೀ. ಇದ್ದರೆ ಓರೆಯಲ್ಲಿ ಎರಡು ಡಿಗ್ರಿಗೂ ತುಸು ಹೆಚ್ಚು ಕಡಿಮೆಯಾಗುತ್ತದೆ. ಟ್ರೇಲ್ 91ರಿಂದ 78ಕ್ಕೆ ಕುಸಿಯುತ್ತದೆ. ಗಿಡ್ಡತನ 30 ಮಿ.ಮೀ. ಮಾತ್ರವಾಗಿದ್ದು, ಹೊಸ ಹಿಡಿಕೆಗಳ ಆಫ್‌ಸೆಟ್ಟೂ 50ರಿಂದ 30ಕ್ಕೆ ಇಳಿದಿದ್ದರೆ ಲೆಕ್ಕ ಬೇರೆಯೇ ಆಗುತ್ತದೆ: ಟ್ರೇಲ್ 105ರ ಸುತ್ತ ನಿಲ್ಲುತ್ತದೆ, ಹ್ಯಾಂಡಲ್ ಹಿಂದಿಗಿಂತ ಭಾರವಾಗುತ್ತದೆ, ಆದರೆ ಓಟ ಸ್ಥಿರವಾಗಿರುತ್ತದೆ. ಯಾವ ಲೆಕ್ಕವನ್ನೂ ಹಾಕದೆ ಫೋರ್ಕು ಬದಲಿಸಿದವರಲ್ಲಿ ಕೆಲವರು ‘ಏನೂ ಆಗಲಿಲ್ಲ, ಚೆನ್ನಾಗಿಯೇ ಓಡುತ್ತಿದೆ’ ಎನ್ನುವುದರ ಗುಟ್ಟು ಇದು. ಒಂದು ತಪ್ಪು ಇನ್ನೊಂದನ್ನು ಸರಿತೂಗಿಸಿರುತ್ತದೆ. ಪಕ್ಕದ ಮನೆಯವನ ಬೈಕಿನಲ್ಲಿ ಆದದ್ದು ತನ್ನ ಬೈಕಿನಲ್ಲಿಯೂ ಆದೀತೆಂದು ನಂಬುವುದಕ್ಕೆ ಇಲ್ಲಿ ಆಧಾರವಿಲ್ಲ.

ಅಳತೆಗಳು ಕೂಡಿಬಂದರೂ ಸ್ಪ್ರಿಂಗಿನ ಪ್ರಶ್ನೆ ಉಳಿಯುತ್ತದೆ. ಪತ್ತಿಕೊಂಡದ ದಾರಿಗೆ ಇದೇ ದೊಡ್ಡದು. ಆರ್‌ಆರ್ 310 ಸುಮಾರು 170 ಕಿಲೋ ತೂಗುತ್ತದೆ, ಆರ್‌ಎಕ್ಸ್ 100 ಸುಮಾರು 100 ಕಿಲೋ. ಭಾರವಾದ ಬೈಕಿಗೆಂದು, ನುಣುಪಾದ ರಸ್ತೆಗೆಂದು, ಮುಂದಕ್ಕೆ ಬಾಗಿ ಕೂರುವ ಸವಾರನಿಗೆಂದು ಮಾಡಿದ ಸ್ಪ್ರಿಂಗು ಹಗುರವಾದ ಬೈಕಿನ ಕೆಳಗೆ ಕುಗ್ಗುವುದೇ ಇಲ್ಲ. ಕುಗ್ಗದ ಫೋರ್ಕು ಗುಂಡಿಯ ಪೆಟ್ಟನ್ನು ನೇರವಾಗಿ ಮಣಿಕಟ್ಟಿಗೆ ತಲುಪಿಸುತ್ತದೆ. ಟೈರು ನೆಲ ಬಿಟ್ಟು ಹಾರುತ್ತದೆ. ಹಾರಿದ ಕ್ಷಣದಲ್ಲಿ ಬ್ರೇಕ್ ಒತ್ತಿದರೆ ಚಕ್ರ ಬಿಗಿದು ನಿಲ್ಲುತ್ತದೆ. ಚಲನೆಯ ಉದ್ದವೂ ಗಮನಾರ್ಹ. ಸ್ಪೋರ್ಟ್ಸ್ ಬೈಕಿನ ಮುಂಚಕ್ರ ಸಾಮಾನ್ಯವಾಗಿ 120 ಮಿ.ಮೀ. ಆಸುಪಾಸು ಮೇಲೆ ಕೆಳಗೆ ಚಲಿಸುತ್ತದೆ. ಕೆಟ್ಟ ದಾರಿಗಳಿಗೆಂದೇ ರೂಪಿಸಿದ, 2016ರಲ್ಲಿ ಬಂದ ಹಿಮಾಲಯನ್ ಬೈಕಿನಲ್ಲಿ ಅದು 200 ಮಿ.ಮೀ., 2019ರ ಹೀರೋ ಎಕ್ಸ್‌ಪಲ್ಸ್‌ನಲ್ಲಿ 190 ಮಿ.ಮೀ. ಎರೆಭೂಮಿಯ ದಾರಿ ಯಾವ ಅಳತೆಯನ್ನು ಕೇಳುತ್ತದೆಂಬುದನ್ನು ಈ ಅಂಕಿಗಳೇ ಹೇಳುತ್ತವೆ.

ಧೂಳಿನ ವಿಷಯವನ್ನೂ ಮರೆಯುವಂತಿಲ್ಲ. ತಲೆಕೆಳಗಾದ ಫೋರ್ಕಿನಲ್ಲಿ ಹೊಳೆಯುವ ಸಣ್ಣ ಕೊಳವೆ ಚಕ್ರದ ಪಕ್ಕದಲ್ಲಿಯೇ ಇರುವುದರಿಂದ ಕಲ್ಲು, ಕೆಸರು ನೇರವಾಗಿ ಅದಕ್ಕೆ ಸಿಡಿಯುತ್ತವೆ. ಅಂಟಿ ಒಣಗಿದ ಎರೆಮಣ್ಣು ಪ್ರತಿ ಕುಗ್ಗುವಿಕೆಯಲ್ಲಿಯೂ ಆಯಿಲ್ ಸೀಲನ್ನು ಕೆರೆಯುತ್ತದೆ. ಸೀಲು ಹರಿದಾಗ ಒಸರುವ ಎಣ್ಣೆ ಕೊಳವೆಯ ಮೇಲೆ ಇಳಿದು ಬ್ರೇಕಿನ ಡಿಸ್ಕನ್ನು ಸೇರುತ್ತದೆ. ಡಿಸ್ಕ್ ಬ್ರೇಕಿಗಾಗಿಯೇ ಫೋರ್ಕು ಬದಲಿಸಿದವನಿಗೆ ಇದಕ್ಕಿಂತ ವಿಪರೀತ ಫಲ ಇನ್ನೊಂದಿಲ್ಲ.

ಗ್ಯಾರೇಜಿನಲ್ಲಿ ಕೆಲಸ ಹೇಗೆ ನಡೆಯಬೇಕು? ಬರಿಯ ಕಾಲುಗಳು ಹಳೆಯ ಹಿಡಿಕೆಗೆ ಕೂರುವುದಿಲ್ಲ. ಹಿಡಿಕೆಗಳು, ಚಕ್ರ, ಆಕ್ಸಲ್, ಬ್ರೇಕ್ ಎಲ್ಲವೂ ಒಂದೇ ಬೈಕಿನಿಂದ ಒಟ್ಟಾಗಿ ಬರಬೇಕು. ಹೊಸ ಸ್ಟೆಮ್ಮು ಹಳೆಯ ಚೌಕಟ್ಟಿಗೆ ಹೊಂದಲು ಎರಡು ದಾರಿಗಳಿವೆ: ಒಳವ್ಯಾಸ ಹೊಸ ಸ್ಟೆಮ್ಮಿಗೂ ಹೊರವ್ಯಾಸ ಹಳೆಯ ಚೌಕಟ್ಟಿಗೂ ಸರಿಹೊಂದುವ ಬೇರಿಂಗನ್ನು ಹುಡುಕುವುದು, ಅಥವಾ ಹಿಡಿಕೆಯಿಂದ ಸ್ಟೆಮ್ಮನ್ನು ಪ್ರೆಸ್ಸಿನಲ್ಲಿ ಒತ್ತಿ ತೆಗೆದು, ಹಳೆಯ ಅಳತೆಯ ಸ್ಟೆಮ್ಮನ್ನು ಲೇತಿನಲ್ಲಿ ಮಾಡಿಸಿ ಬಿಗಿಯಾಗಿ ಒತ್ತಿ ಕೂರಿಸುವುದು. ಸ್ಟೆಮ್ಮನ್ನು ಕತ್ತರಿಸಿ ವೆಲ್ಡಿಂಗ್ ಮಾಡಿ ಉದ್ದಗೊಳಿಸುವ ಮೂರನೆಯ ದಾರಿಯೂ ಚಾಲ್ತಿಯಲ್ಲಿದೆ, ಅದನ್ನು ಮಾಡಕೂಡದು. ಬೈಕಿನ ಇಡೀ ಮುಂಭಾಗ ತೂಗುವುದು ಆ ಒಂದು ಕೊಳವೆಯಿಂದ. ಗುಜರಿಗೆ ಬಂದ ಫೋರ್ಕು ಅಪಘಾತದ ಬೈಕಿನದೇ ಆಗಿರುವ ಸಾಧ್ಯತೆ ಹೆಚ್ಚಾದ್ದರಿಂದ ಕೊಳವೆಗಳನ್ನು ದಪ್ಪ ಗಾಜಿನ ಮೇಲೆ ಉರುಳಿಸಿ ಬಾಗಿದೆಯೇ ಎಂದು ನೋಡಬೇಕು. ಜೋಡಿಸಿದ ಮೇಲೆ ಆಕ್ಸಲ್ ಕೈಯಿಂದಲೇ ಜಾರಿ ಒಳಹೋಗಬೇಕು. ಸುತ್ತಿಗೆ ಬೇಕಾದರೆ ಕಾಲುಗಳು ಸಮಾನಾಂತರವಾಗಿಲ್ಲವೆಂದೇ ಅರ್ಥ. ಹ್ಯಾಂಡಲನ್ನು ಪೂರ್ತಿ ತಿರುಗಿಸಿದಾಗ ದಪ್ಪ ಕಾಲುಗಳು ಪೆಟ್ರೋಲ್ ಟ್ಯಾಂಕಿಗೆ ತಗಲುತ್ತವೆ, ಆದ್ದರಿಂದ ತಿರುಗುವ ಮಿತಿಯನ್ನು ತಡೆಯುವ ಕಟ್ಟೆಯನ್ನೂ ಹೊಸದಾಗಿ ಮಾಡಿಸಬೇಕಾಗುತ್ತದೆ. ಹಳೆಯ ಬೈಕಿನ ಸ್ಪೀಡೋಮೀಟರ್ ಕೇಬಲ್ ಮುಂಚಕ್ರದಿಂದ ಬರುವುದಾದರೆ ಅದು ಅನಾಥವಾಗುತ್ತದೆ.

ಚೌಕಟ್ಟಿನ ಕಷ್ಟ ತಡವಾಗಿ ಗೋಚರಿಸುವಂಥದು. ಹಳೆಯ ಸಣಕಲು ಫೋರ್ಕು ಬ್ರೇಕ್ ಬಿದ್ದಾಗ ತಾನೇ ತುಸು ಬಾಗಿ ಪೆಟ್ಟಿನ ತೀಕ್ಷ್ಣತೆಯನ್ನು ಕಡಿಮೆ ಮಾಡುತ್ತಿತ್ತು. ಡ್ರಮ್ ಬ್ರೇಕಿನ ಹಿಡಿತವೂ ಸೌಮ್ಯವಾಗಿತ್ತು. ಬಾಗದ ಫೋರ್ಕು, ಬಲವಾದ ಡಿಸ್ಕ್ ಬ್ರೇಕು ಎರಡೂ ಸೇರಿದಾಗ ಆ ಬಲವೆಲ್ಲ ಚೌಕಟ್ಟಿನ ತಲೆಯ ಬೆಸುಗೆಯ ಮೇಲೆ ಬೀಳುತ್ತದೆ. ಲೋಹ ಒಂದೇ ದಿನದಲ್ಲಿ ಮುರಿಯುವುದಿಲ್ಲ, ದಣಿಯುತ್ತದೆ. ಬಣ್ಣದ ಮೇಲೆ ಕೂದಲೆಳೆಯಂಥ ಬಿರುಕು ಮೊದಲು ಕಾಣಿಸಿಕೊಳ್ಳುತ್ತದೆ.

ಕಾನೂನಿನ ದೃಷ್ಟಿಯೂ ಇದೆ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ವಿಧಿಯು, ನೋಂದಣಿ ಪತ್ರದ ವಿವರಗಳು ತಯಾರಕರ ಮೂಲ ನಿರ್ದಿಷ್ಟತೆಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸಕೂಡದೆನ್ನುತ್ತದೆ. ಕೇರಳದಿಂದ ಬಂದ ಮೊಕದ್ದಮೆಯೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು 2019ರ ಜನವರಿಯಲ್ಲಿ ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯು ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಡಿಗೂ 5000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸೆರೆವಾಸ ಅಥವಾ ಎರಡನ್ನೂ ವಿಧಿಸಬಹುದೆಂದು ಸೇರಿಸಿತು. ವಾಹನದ ಮೂಲ ಲಕ್ಷಣವನ್ನು ಬದಲಿಸುವ ರಚನಾವ್ಯತ್ಯಾಸವನ್ನು ಕಾಯಿದೆ ಮಾರ್ಪಾಡು ಎಂದು ಕರೆಯುತ್ತದೆ. ಫೋರ್ಕು, ಚಕ್ರ, ಬ್ರೇಕು ಮೂರನ್ನೂ ಬದಲಿಸಿದವನು ಇದು ಅದಲ್ಲವೆಂದು ವಾದಿಸುವುದು ಕಷ್ಟ. ದಂಡಕ್ಕಿಂತ ಭಾರವಾದುದು, ಅಪಘಾತವಾದಾಗ ವಿಮಾ ಸಂಸ್ಥೆ ಎತ್ತಬಹುದಾದ ತಕರಾರು. ಹಿಂದೆ ಕೂತವನಿಗೂ ಎದುರಿಗೆ ಬಂದವನಿಗೂ ಪರಿಹಾರದ ಹೊಣೆ ಆಗ ಸವಾರನ ಮನೆಯ ಬಾಗಿಲಿಗೇ ಬರಬಹುದು.

ಇಷ್ಟೆಲ್ಲ ಕೇಳಿದವನಿಗೆ ಹಳೆಯ ಫೋರ್ಕನ್ನೇ ಒಮ್ಮೆ ಬಿಚ್ಚಿ ನೋಡುವ ಮನಸ್ಸು ಬಂದರೆ ಅಚ್ಚರಿಯಿಲ್ಲ. ಹಲವು ವರ್ಷ ಬದಲಿಸದ ಎಣ್ಣೆ ಕಪ್ಪು ನೀರಿನಂತಾಗಿರುತ್ತದೆ, ಸ್ಪ್ರಿಂಗು ಕುಸಿದಿರುತ್ತದೆ, ಕೋನ್ ಸೆಟ್ಟಿನಲ್ಲಿ ಗುಂಡುಗಳ ಗುರುತು ಮೂಡಿರುತ್ತದೆ. ಹೊಸ ಎಣ್ಣೆ, ಹೊಸ ಸೀಲು, ತಯಾರಕರ ಅಳತೆಯ ಸ್ಪ್ರಿಂಗು, ಹೊಸ ಕೋನ್ ಸೆಟ್ ಇಷ್ಟು ಹಾಕಿಸಿದರೆ ಬಹುಪಾಲು ಹಳೆಯ ಬೈಕುಗಳ ದೂರು ಅಲ್ಲಿಗೇ ತೀರುತ್ತದೆ. ಹೊಸ ಕೋನ್ ಸೆಟ್ಟಿನ ಬಿಗಿಯನ್ನು ಪರೀಕ್ಷಿಸಲು ಮುಂಚಕ್ರವನ್ನು ನೆಲದಿಂದ ಎತ್ತಿ ಹ್ಯಾಂಡಲನ್ನು ನಡುವಿನಿಂದ ತುಸು ಸರಿಸಬೇಕು. ಅದು ತನ್ನ ಭಾರದಿಂದಲೇ ಎರಡೂ ಕಡೆಗೆ ಬೀಳಬೇಕು, ಆದರೆ ಕಾಲುಗಳನ್ನು ಹಿಡಿದು ಮುಂದಕ್ಕೂ ಹಿಂದಕ್ಕೂ ಅಲುಗಿಸಿದರೆ ಸಡಿಲು ಕಾಣಬಾರದು. ಸ್ಪ್ರಿಂಗಿನ ಪರೀಕ್ಷೆಗೆ ಫೋರ್ಕಿನ ಹೊಳೆಯುವ ಕೊಳವೆಗೆ ಪ್ಲಾಸ್ಟಿಕ್ ಟೈ ಒಂದನ್ನು ಕಟ್ಟಿದರೆ ಸಾಕು. ಸವಾರ ಮೆಲ್ಲನೆ ಹತ್ತಿ ಕೂತು ಇಳಿದಾಗ ಆ ಟೈ ಒಟ್ಟು ಚಲನೆಯ ಕಾಲುಭಾಗದಿಂದ ಮೂರನೆಯ ಒಂದು ಭಾಗದಷ್ಟು ಸರಿದಿರಬೇಕು. ಅದಕ್ಕಿಂತ ಕಡಿಮೆಯಾದರೆ ಸ್ಪ್ರಿಂಗು ಗಡಸು, ಹೆಚ್ಚಾದರೆ ಮೆದು. ಹೊಸ ಫೋರ್ಕನ್ನೇ ಹಾಕಿಸಿದವನಿಗೂ ಈ ಎರಡು ಪರೀಕ್ಷೆಗಳು ಇವೇ; ನೂರು ಕಿಲೋಮೀಟರ್ ಓಡಿದ ಮೇಲೆ ಅವನ್ನು ಮತ್ತೊಮ್ಮೆ ಮಾಡಿ, ಹಿಡಿಕೆಯ ಬೋಲ್ಟುಗಳನ್ನೂ ಡಿಸ್ಕಿನ ಮೇಲೆ ಎಣ್ಣೆಯ ಗುರುತಿದೆಯೇ ಎಂಬುದನ್ನೂ ನೋಡಬೇಕು.