ಸಂಶೋಧನಾ ವಿದ್ಯಾರ್ಥಿಯ ಕಾಲವಿವೇಕ

ಕಳೆದುಹೋದ ಧನವನ್ನು ಮರಳಿ ಗಳಿಸಬಹುದು. ಕಳೆದುಹೋದ ಕಾಲವನ್ನು ಗಳಿಸಿದವರಿಲ್ಲ. ಎಲ್ಲರೂ ಬಲ್ಲ ಈ ಮಾತು ಸ್ನಾತಕೋತ್ತರ ಪದವಿಯನ್ನು ಮುಗಿಸಿ ಸಂಶೋಧನೆಗೆ ತೊಡಗುವ ವಿದ್ಯಾರ್ಥಿಯ ಬಾಳಿನಲ್ಲಿ ಲೆಕ್ಕಾಚಾರದ ವಿಷಯವಾಗಿಯೇ ಬಂದು ನಿಲ್ಲುತ್ತದೆ.

ಬೆಂಗಳೂರಿನ ಉತ್ತರಭಾಗವು ಇಂತಹ ವಿದ್ಯಾರ್ಥಿಗಳ ನೆಲೆವೀಡು. ಯಶವಂತಪುರದ ಸಮೀಪದಲ್ಲಿ 1909ರಲ್ಲಿ ಸ್ಥಾಪಿತವಾದ ಭಾರತೀಯ ವಿಜ್ಞಾನ ಸಂಸ್ಥೆ, ಹೆಬ್ಬಾಳದಲ್ಲಿ 1964ರಲ್ಲಿ ತಲೆಯೆತ್ತಿದ ಕೃಷಿ ವಿಶ್ವವಿದ್ಯಾನಿಲಯ, ಜಕ್ಕೂರಿನಲ್ಲಿ 1989ರಲ್ಲಿ ಆರಂಭವಾದ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ ಇವೆಲ್ಲವೂ ಕೆಲವೇ ಮೈಲಿಗಳ ಅಂತರದಲ್ಲಿವೆ. ಗ್ರಾಮಾಂತರ ಶಾಲೆಗಳಲ್ಲಿ ಕಲಿತ ಎಷ್ಟೋ ಮಕ್ಕಳು ಇತ್ತ ಬರುತ್ತಾರೆ. ಬಂದವರ ಮುಂದೆ ಒಂದೇ ವೇಳೆಗೆ ಹಲವು ಬಾಗಿಲುಗಳು ತೆರೆಯುತ್ತವೆ. ಸಂಶೋಧನಾ ವೇತನ ಒಂದು. ಯಾವುದೋ ಯೋಜನೆಯಲ್ಲಿ ಸಹಾಯಕನ ಕೆಲಸ ಇನ್ನೊಂದು. ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕತ್ವ ಮತ್ತೊಂದು. ಸರ್ಕಾರದ ಅಥವಾ ಬ್ಯಾಂಕಿನ ಕಾಯಂ ನೌಕರಿ ಮಗದೊಂದು. ಊರಿನಲ್ಲಿ ತಂದೆಯ ಸಾಲವಿರುತ್ತದೆ, ತಂಗಿಯ ಮದುವೆಯಿರುತ್ತದೆ. ಹೀಗಿರುವಾಗ ಯಾವ ಬಾಗಿಲನ್ನು ಹೊಗಬೇಕೆಂಬುದು ಸಾಮಾನ್ಯವಾದ ಪ್ರಶ್ನೆಯಲ್ಲ.

ಮೊದಲು ನಿಯಮಗಳನ್ನು ಅರಿಯಬೇಕು. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು 2022ರ ನವೆಂಬರಿನಲ್ಲಿ ಪ್ರಕಟಿಸಿದ ನಿಯಮಾವಳಿಯಂತೆ ಪಿಎಚ್.ಡಿ. ಪದವಿಯ ಅವಧಿ ಕನಿಷ್ಠ 3 ವರ್ಷ, ಗರಿಷ್ಠ 6 ವರ್ಷ. ಅನಿವಾರ್ಯವಾದಲ್ಲಿ ಮರುನೋಂದಣಿಯ ಮೂಲಕ ಇನ್ನೆರಡು ವರ್ಷ ದೊರೆಯಬಹುದು. ಮಹಿಳೆಯರಿಗೆ ಅದರ ಮೇಲೆ ಮತ್ತೆರಡು ವರ್ಷಗಳ ರಿಯಾಯಿತಿಗೆ ಅವಕಾಶವಿದೆ. 240 ದಿನಗಳವರೆಗೆ ಹೆರಿಗೆ ರಜೆಯೂ ಉಂಟು. ವಿದ್ಯಾರ್ಥಿಗೆ ವಾರಕ್ಕೆ 4ರಿಂದ 6 ಗಂಟೆಗಳ ಬೋಧನಾ ಸಹಾಯದ ಕೆಲಸವನ್ನು ವಹಿಸಬಹುದೆಂದೂ ಅಲ್ಲಿ ಹೇಳಿದೆ. ಈ ಅಂಕೆಯನ್ನು ಗಮನಿಸತಕ್ಕದ್ದು. ಬೋಧನೆಯಿಂದ ಲಾಭವುಂಟು, ಆದರೆ ಅದಕ್ಕೆ ಮಿತಿಯಿರಬೇಕು ಎಂಬ ವಿವೇಕ ಅದರಲ್ಲಿದೆ. ಅತಿಥಿ ಉಪನ್ಯಾಸಕನಾದವನು ತರಗತಿಯ ಗಂಟೆಗಳನ್ನು ಮಾತ್ರ ಎಣಿಸಿದರೆ ಸಾಲದು. ಪಾಠದ ಸಿದ್ಧತೆ, ಉತ್ತರಪತ್ರಿಕೆಗಳ ಮೌಲ್ಯಮಾಪನ, ಯಲಹಂಕದಿಂದ ಯಶವಂತಪುರಕ್ಕೆ ಬಸ್ಸಿನಲ್ಲಿ ಹೋಗಿಬರುವ ಹೊತ್ತು ಇವೆಲ್ಲವನ್ನೂ ಕೂಡಿಸಬೇಕು.

ಇನ್ನು ಸಂಶೋಧನಾ ವೇತನ. ಆಯೋಗವು 2023ರ ಜನವರಿಯಿಂದ ಪರಿಷ್ಕರಿಸಿದಂತೆ ಕಿರಿಯ ವೇತನ ತಿಂಗಳಿಗೆ 37,000 ರೂಪಾಯಿ, ಹಿರಿಯ ವೇತನ 42,000 ರೂಪಾಯಿ. ಮೊದಲನೆಯದು 2 ವರ್ಷ, ಎರಡನೆಯದು 3 ವರ್ಷ. ಒಟ್ಟು 5 ವರ್ಷ. ಈ ವೇತನವನ್ನು ಪಡೆಯುವವನು ಬೇರೆಡೆಯಿಂದ ಸಂಬಳ ಪಡೆಯುವಂತಿಲ್ಲ. ಎರಡು ದೋಣಿಗಳಲ್ಲಿ ಕಾಲಿಡಬಾರದೆಂಬ ನಾಣ್ನುಡಿ ಇಲ್ಲಿ ಕಟ್ಟಳೆಯೇ ಆಗಿದೆ.

ಈ ಲೆಕ್ಕದಲ್ಲಿ ಒಂದು ಸೂಕ್ಷ್ಮವಡಗಿದೆ. ಪದವಿಗೆ 6 ವರ್ಷಗಳ ಅವಕಾಶ. ವೇತನಕ್ಕೆ 5 ವರ್ಷಗಳ ಮಿತಿ. ಎರಡೂ ಒಟ್ಟಿಗೆ ಆರಂಭವಾದರೆ ಆರನೆಯ ವರ್ಷ ಬರಿಗೈಯದು. ಪ್ರಯೋಗಗಳು ಮುಗಿದು, ಮಹಾಪ್ರಬಂಧದ ಬರವಣಿಗೆ ಮಾತ್ರ ಉಳಿದಿರುವ ಹೊತ್ತಿಗೆ ವೇತನ ನಿಲ್ಲುತ್ತದೆ. ಆಗ ವಿದ್ಯಾರ್ಥಿ ದೊರೆತ ಕೆಲಸವನ್ನು ಹಿಡಿಯುತ್ತಾನೆ. ರಾತ್ರಿ ಬರೆದು ಮುಗಿಸುವೆನೆಂದುಕೊಳ್ಳುತ್ತಾನೆ. ದಣಿದ ದೇಹ ಒಪ್ಪುವುದಿಲ್ಲ. ಐದು ವರ್ಷಗಳ ಬೆಳೆ ಕಣಕ್ಕೆ ಬಂದು ಮಳೆಯಲ್ಲಿ ನೆನೆದಂತಾಗುತ್ತದೆ.

ಕಾಲದ ಬೆಲೆಯನ್ನು ಅರಿಯಲು ಭಾರತರತ್ನ ಸಿ. ಎನ್. ಆರ್. ರಾವ್ ಅವರ ಬಾಳು ಒಳ್ಳೆಯ ನಿದರ್ಶನ. ಬೆಂಗಳೂರಿನಲ್ಲಿ 1934ರಲ್ಲಿ ಜನಿಸಿದ ಅವರು ಮೈಸೂರು ವಿಶ್ವವಿದ್ಯಾನಿಲಯದ ಪದವಿಯನ್ನೂ ಕಾಶಿಯ ಸ್ನಾತಕೋತ್ತರ ಪದವಿಯನ್ನೂ ಪಡೆದಾಗ, ಖರಗಪುರದಲ್ಲಿ ಸಂಶೋಧನೆಗೆ ವಿದ್ಯಾರ್ಥಿವೇತನ ದೊರೆಯಿತು. ಅಮೆರಿಕದ ನಾಲ್ಕು ವಿದ್ಯಾಸಂಸ್ಥೆಗಳೂ ಧನಸಹಾಯದೊಡನೆ ಕರೆದವು. ಅವರು ಅವುಗಳಲ್ಲಿ ಪರ್ಡ್ಯೂ ವಿಶ್ವವಿದ್ಯಾನಿಲಯವನ್ನು ಆರಿಸಿಕೊಂಡು, 2 ವರ್ಷ 9 ತಿಂಗಳಲ್ಲಿಯೇ ಪದವಿಯನ್ನು ಪೂರೈಸಿದರು. 1959ರಲ್ಲಿ ತಾಯ್ನಾಡಿಗೆ ಮರಳಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಉಪನ್ಯಾಸಕರಾದರು. ಜಕ್ಕೂರಿನ ಕೇಂದ್ರವನ್ನು ಮುಂದೆ ಕಟ್ಟಿದವರು ಅವರೇ. ಎಲ್ಲರಿಗೂ ಆ ವೇಗ ಸಾಧ್ಯವಾಗದು. ಆದರೆ ಒಂದನ್ನು ಆರಿಸಿ, ಆರಿಸಿದ್ದನ್ನು ಮುಗಿಸಿ, ಆಮೇಲೆ ಮುಂದಿನದಕ್ಕೆ ಕೈಯಿಕ್ಕುವ ಕ್ರಮ ಎಲ್ಲರಿಗೂ ಸಾಧ್ಯ.

ಆದುದರಿಂದ ಬಂದ ಅವಕಾಶವನ್ನು ಮೂರು ಪ್ರಶ್ನೆಗಳಿಂದ ತೂಗಬೇಕು. ಇದು ವಾರದಲ್ಲಿ ಎಷ್ಟು ಗಂಟೆಗಳನ್ನು ಬೇಡುತ್ತದೆ? ಎಷ್ಟು ವರ್ಷ ನಿಲ್ಲುತ್ತದೆ? ಕೈಗೊಂಡ ಸಂಶೋಧನೆಗೆ ಇದರಿಂದ ನೆರವೋ ಅಡ್ಡಿಯೋ? ತನ್ನ ವಿಷಯಕ್ಕೇ ಸೇರಿದ ಯೋಜನೆಯ ಕಡಿಮೆ ಸಂಬಳವು ವಿಷಯಕ್ಕೆ ದೂರವಾದ ಹೆಚ್ಚು ಸಂಬಳಕ್ಕಿಂತ ಮೇಲಾಗಬಹುದು. ಮನೆಯ ಕಷ್ಟದಿಂದ ಕಾಯಂ ನೌಕರಿಯನ್ನು ಹಿಡಿದವನನ್ನು ಹೀಗಳೆಯಲಾಗದು. ಅವನಿಗೂ ಅರೆಕಾಲಿಕ ಪಿಎಚ್.ಡಿ.ಯ ಮಾರ್ಗವನ್ನು ಅದೇ ನಿಯಮಾವಳಿ ತೆರೆದಿದೆ. ಆದರೆ ಸಂಶೋಧನೆಗೆ ಸಾಕಷ್ಟು ಸಮಯ ದೊರೆಯುವುದೆಂದು ಉದ್ಯೋಗದಾತರು ನಿರಾಕ್ಷೇಪಣಾ ಪತ್ರದಲ್ಲಿ ತಿಳಿಸಬೇಕು. ಆ ಪತ್ರವನ್ನು ಮೊದಲೇ ಕೇಳಿ ಪಡೆಯುವುದು ಲೇಸು.

ಉಪಾಧ್ಯಾಯರು ತಮ್ಮ ಹಳೆಯ ವಿದ್ಯಾರ್ಥಿಗಳಿಗೆ ಈ ಲೆಕ್ಕವನ್ನು ಸಕಾಲದಲ್ಲಿ ತಿಳಿಸಿಕೊಡಬೇಕು. ದಾನಿಗಳು ಶಾಲೆಯ ಹೊಸ್ತಿಲಲ್ಲಿರುವ ಮಗುವಿಗೆ ನೆರವಾಗುವಂತೆಯೇ ಮಹಾಪ್ರಬಂಧದ ಕೊನೆಯ ಅಧ್ಯಾಯದಲ್ಲಿರುವ ವಿದ್ಯಾರ್ಥಿಯ ಕಡೆಗೂ ನೋಡಬೇಕು. ಬರಿಗೈಯ ಆ ಆರನೆಯ ವರ್ಷದಲ್ಲಿ ಆರು ತಿಂಗಳ ಅನ್ನವಸತಿಯ ನೆರವು ಐದು ವರ್ಷಗಳ ಶ್ರಮವನ್ನು ಉಳಿಸಬಲ್ಲದು. ಬಿತ್ತನೆಗೆ ಕೊಟ್ಟ ನೆರವು ದೊಡ್ಡದು; ಒಕ್ಕಣೆಯ ಹೊತ್ತಿಗೆ ಒದಗಿದ ಕೈ ಅದಕ್ಕಿಂತ ಕಿರಿದಲ್ಲ.