ಬೀಳದ ದೀಪದ ಲೆಕ್ಕ

ಬೆಂಗಳೂರಿನ ಓದುಗರೊಬ್ಬರು ಪತ್ರ ಬರೆದಿದ್ದಾರೆ. ಹಳೇ ಸಾಮಾನಿನ ಅಂಗಡಿಯಲ್ಲಿ ಎರಡು ಸ್ಟ್ಯಾಂಡ್ ಲ್ಯಾಂಪ್ ನೋಡಿಟ್ಟು ಬಂದಿದ್ದಾರಂತೆ. ಒಂದು ಹಿತ್ತಾಳೆ ಕಂಬದ್ದು, ತಲೆಯ ಮೇಲೆ ಬಟ್ಟೆಯ ಛತ್ರಿ. ಇನ್ನೊಂದು ಯಾವುದೋ ಆಸ್ಪತ್ರೆಯ ಹರಾಜಿನಿಂದ ಬಂದದ್ದು: ಎರಕದ ಕಬ್ಬಿಣದ ಪಾದ, ಅದಕ್ಕೆ ಗಾಲಿ, ಮೇಲೆ ಸ್ಪ್ರಿಂಗ್ ಕಟ್ಟಿದ ಮಡಚುವ ತೋಳು. “ಓದುವ ಮೂಲೆಗೆ ಯಾವುದು ಸರಿ ಹೇಳಿ. ಎರಡನೆಯದನ್ನು ತಂದರೆ ಆಸ್ಪತ್ರೆಯ ಪೀಡೆ ಮನೆಗೆ ಬರುತ್ತದೆ ಎಂದು ನಮ್ಮ ಅತ್ತೆ ಹಟ ಹಿಡಿದಿದ್ದಾರೆ. ಸಾಲದ್ದಕ್ಕೆ ಅದು ಕಬ್ಬಿಣ, ಅಂಗಡಿಯವನು ಬನ್ನಿ ಅಂದಿರುವುದು ಶನಿವಾರ.”

ಅತ್ತೆಯವರಿಗೆ ನಮಸ್ಕಾರ ತಿಳಿಸಿ. ಶನಿವಾರ ಕಬ್ಬಿಣ ಹೊಸಿಲು ದಾಟಬಾರದು ಅನ್ನುವುದಾದರೆ ಆ ದಿನ ಕೆಎಸ್ಸಾರ್ಟಿಸಿ ಬಸ್ಸುಗಳೂ ಊರ ಹೊರಗೇ ನಿಲ್ಲಬೇಕಾಗುತ್ತದೆ. ಆ ದೀಪದ ಕೆಳಗೆ ಮಲಗಿದ್ದವರಲ್ಲಿ ವಾಸಿಯಾಗಿ ಮನೆಗೆ ಹೋದವರೂ ಇದ್ದಾರಲ್ಲ, ಅವರ ಪುಣ್ಯ ದೀಪಕ್ಕೆ ಅಂಟದೆ ಪೀಡೆ ಮಾತ್ರ ಅಂಟಿಕೊಳ್ಳುವುದು ಯಾವ ನ್ಯಾಯ? ನಾಳೆ ಯಾರಾದರೂ ಬಂದು, ದೀಪ ಅಗ್ನಿತತ್ವ, ಆಗ್ನೇಯ ಮೂಲೆಯಲ್ಲೇ ಇಡಿ ಎಂದರೂ ಕಿವಿಗೊಡಬೇಡಿ. ಕುರ್ಚಿ ಎಲ್ಲಿದೆಯೋ ಅಲ್ಲಿಡಿ. ಹಳೇ ದೀಪದಲ್ಲಿ ನಿಜವಾದ ಪೀಡೆ ಇರುವುದು ವೈರಿನಲ್ಲಿ. ಆ ಮಾತು ಆಮೇಲೆ.

ನನ್ನ ಉತ್ತರ ಎರಡನೆಯದು. ಅಂದಕ್ಕಲ್ಲ, ಅಂದದಲ್ಲಿ ಹಿತ್ತಾಳೆಯದೇ ಮುಂದಿರಬಹುದು. ಆದರೆ ಆ ಸ್ಪ್ರಿಂಗ್ ತೋಳು ಇಪ್ಪತ್ತನೆಯ ಶತಮಾನದ ಅತಿ ಜಾಣ ಯಂತ್ರಗಳಲ್ಲೊಂದು. ಅದನ್ನು ಹಳೇ ಕಬ್ಬಿಣದ ದರಕ್ಕೆ ಕೊಡುತ್ತಿದ್ದಾರೆ ಅನ್ನುವುದೇ ಸೋಜಿಗ.

ನೆಲದ ಮೇಲೆ ನಿಲ್ಲುವ ಯಾವ ದೀಪಕ್ಕೂ ಮೊದಲ ಚಿಂತೆ ಬೀಳದಿರುವುದು. ಗುರುತ್ವಕೇಂದ್ರದಿಂದ ನೇರ ಕೆಳಕ್ಕೆ ಎಳೆದ ಗೆರೆ ಪಾದದ ಒಳಗೆ ಬಿದ್ದರೆ ದೀಪ ನಿಲ್ಲುತ್ತದೆ, ಆಚೆ ಬಿದ್ದರೆ ಮಗುಚುತ್ತದೆ. ನೆಟ್ಟಗಿನ ಕಂಬಕ್ಕೆ ಇದು ಸುಲಭ. ಬೆಳಕು ಕುರ್ಚಿಯ ಮೇಲಕ್ಕೆ ಚಾಚಿಕೊಂಡು ಬರಬೇಕು ಎಂದಾಗಲೇ ಕಷ್ಟ ಶುರು. ಇದಕ್ಕೆ ಇಟಲಿಯ ಕಾಸ್ತಿಲ್ಯೋನಿ ಸೋದರರು, ಅಕಿಲೆ ಮತ್ತು ಪಿಯೆರ್ ಜಾಕೊಮೊ, 1962ರಲ್ಲಿ ಕೊಟ್ಟ ಉತ್ತರ ‘ಆರ್ಕೊ’ ದೀಪ. ಬೀದಿದೀಪದ ಕಂಬದಿಂದ ಹೊಳೆದ ಉಪಾಯ ಅದು. ಉಕ್ಕಿನ ಕಮಾನು ಸುಮಾರು ಎರಡು ಮೀಟರ್ ಆಚೆ ಚಾಚಿ ಊಟದ ಮೇಜಿನ ಮೇಲೆ ಬೆಳಕು ಚೆಲ್ಲುತ್ತದೆ, ಸೂರಿಗೆ ತೂತು ಕೊರೆಯುವ ಗೊಡವೆಯಿಲ್ಲ. ಅಷ್ಟುದ್ದದ ಕೈಯನ್ನು ಹಿಡಿದು ನಿಲ್ಲಿಸಲು ಬುಡದಲ್ಲಿ ಸುಮಾರು 65 ಕಿಲೋದ ಕರಾರಾ ಅಮೃತಶಿಲೆ. ಕಲ್ಲಿನ ಮೂಲೆಗಳನ್ನು ಸವರಿದ್ದಾರೆ, ಹೋಗುವವರ ಬರುವವರ ಕಾಲಿಗೆ ತಗುಲದಿರಲಿ ಎಂದು. ನಡುವೆ ಒಂದು ತೂತು. ಚಂದಕ್ಕೆ ಕೊರೆದದ್ದು ಅಂದುಕೊಳ್ಳುತ್ತಾರೆ. ಅದರಲ್ಲಿ ಪೊರಕೆಯ ಕೋಲು ತೂರಿಸಿ ಇಬ್ಬರು ಎರಡು ಕಡೆ ಹಿಡಿದೆತ್ತಿ ದೀಪವನ್ನು ಬೇರೆಡೆಗೆ ಒಯ್ಯಲು ಮಾಡಿದ್ದು. ಬಹಳ ಸುಂದರ ದೀಪ. ಆದರೆ ಉಪಾಯ ಹಳೆಯದೇ, ಭಾರಕ್ಕೆ ಭಾರ. ನಮ್ಮ ಬಾವಿಯ ಏತವೂ ಇದೇ ತತ್ವದ್ದು: ಒಂದು ತುದಿಯಲ್ಲಿ ನೀರಿನ ಬಾನಿ, ಇನ್ನೊಂದು ತುದಿಯಲ್ಲಿ ಕಲ್ಲು.

ಕಲ್ಲನ್ನು ಕಿತ್ತು ಆ ಜಾಗದಲ್ಲಿ ಸ್ಪ್ರಿಂಗ್ ಕಟ್ಟಲು ಆಗುವುದಿಲ್ಲವೆ? ಕೇಳಲು ಸುಲಭ. ಮಾಡಿ ತೋರಿಸಿದವರು ಇಂಗ್ಲೆಂಡಿನ ಬಾತ್ ಪಟ್ಟಣದ ಜಾರ್ಜ್ ಕಾರ್ವರ್ಡೈನ್. ಹಾರ್ಸ್ಟ್‌ಮನ್ ಎಂಬ ಕಾರು ಕಂಪನಿಯಲ್ಲಿ ದುಡಿದು, ಗಾಡಿಯ ಸಸ್ಪೆನ್ಷನ್ ಕೆಲಸದಲ್ಲಿ ಪಳಗಿದ್ದ ಎಂಜಿನಿಯರ್. 1932ರಲ್ಲಿ ಅವರು ಸ್ಪ್ರಿಂಗ್ ತೋಳಿನ ದೀಪಕ್ಕೆ ಪೇಟೆಂಟ್ ಮಾಡಿಸಿದರು. ರೆಡಿಚ್‌ನಲ್ಲಿ ಸ್ಪ್ರಿಂಗ್ ಮಾಡುತ್ತಿದ್ದ ಹರ್ಬರ್ಟ್ ಟೆರಿ ಕಂಪನಿ ಅದನ್ನು ‘ಆಂಗಲ್‌ಪಾಯ್ಸ್’ ಎಂಬ ಹೆಸರಲ್ಲಿ ತಯಾರಿಸಿತು. ಮೊದಲು ಬಂದದ್ದು ನಾಲ್ಕು ಸ್ಪ್ರಿಂಗಿನದು, ಕಾರ್ಖಾನೆಗಳಿಗೆ. 1935ರಲ್ಲಿ ಮನೆಗಳಿಗೆಂದು ಮೂರು ಸ್ಪ್ರಿಂಗಿನ ‘1227’ ಬಂತು. ಈಗ ಹಳೇ ದೀಪಗಳ ಮರುಳಿನವರು ಹುಡುಕುವುದು ಅದನ್ನೇ. 1937ರಲ್ಲಿ ನಾರ್ವೆಯ ಯಾಕ್ ಯಾಕೊಬ್ಸೆನ್ ಹಕ್ಕು ಪಡೆದು ‘ಲಕ್ಸೊ’ ಮಾಡಿದರು. 1986ರಲ್ಲಿ ಪಿಕ್ಸಾರ್ ಎಂಬ ಅನಿಮೇಷನ್ ಕಂಪನಿಯವರ ಪುಟ್ಟ ಚಿತ್ರದಲ್ಲಿ ಚೆಂಡಿನ ಹಿಂದೆ ಕುಪ್ಪಳಿಸಿದ ಮರಿದೀಪ ಈ ಲಕ್ಸೊ ವಂಶದ್ದು. ಆಸ್ಪತ್ರೆ, ದಂತವೈದ್ಯರ ಕೋಣೆ, ನಕ್ಷೆ ಬರೆಯುವವರ ಮೇಜು, ವಾಚ್ ರಿಪೇರಿಯವರ ಗೂಡು, ಎಲ್ಲ ಕಡೆಯೂ ಈ ತೋಳು ಹಬ್ಬಿತು.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ನೂರರಲ್ಲಿ ತೊಂಬತ್ತು ಮಂದಿ ಈ ದೀಪವನ್ನು ಹಾಳು ಮಾಡುವುದೇ ಅದರಿಂದ ಅನ್ನುವುದು ನನ್ನ ಗುಮಾನಿ. ತೋಳು ಬೇಕಾದ ಕಡೆ ನಿಲ್ಲುವುದು ಕೀಲಿನ ಬಿಗಿಯಿಂದ ಎಂದು ಎಲ್ಲರೂ ತಿಳಿದಿದ್ದಾರೆ. ದೀಪ ಸ್ವಲ್ಪ ಜಗ್ಗಿದ ಕೂಡಲೇ ಸ್ಪ್ಯಾನರ್ ತಂದು ನಟ್ಟು ತಿರುಗಿಸುತ್ತಾರೆ. ಇನ್ನೂ ಜಗ್ಗಿತೋ, ಇನ್ನೊಂದು ಸುತ್ತು. ಕಡೆಗೆ ತೋಳು ಅಲುಗಾಡಿಸಲು ಎರಡು ಕೈ ಬೇಕಾಗುತ್ತದೆ, ಜೊತೆಗೆ ಪಾದವನ್ನು ಒತ್ತಿ ಹಿಡಿಯಲು ಮನೆಯವರೊಬ್ಬರು. ಅಂಗಡಿಯಲ್ಲಿ ಅಂಥ ದೀಪ ಸಿಕ್ಕರೆ ಮುಟ್ಟಿ ನೋಡಿ, ಬಿಗಿಮಾಡಿದವರ ಸಿಟ್ಟು ಕೈಗೆ ತಿಳಿಯುತ್ತದೆ. ಸರಿಯಾಗಿರುವ ತೋಳು ಬೆರಳ ತುದಿಗೆ ಚಲಿಸಿ, ಬೆರಳು ತೆಗೆದಲ್ಲೇ ನಿಲ್ಲಬೇಕು. ಅದನ್ನು ನಿಲ್ಲಿಸುವುದು ಲೆಕ್ಕ. ಲೆಕ್ಕದಲ್ಲಿ ಉಳಿದ ಚಿಲ್ಲರೆಯನ್ನಷ್ಟೇ ಕೀಲಿನ ಘರ್ಷಣೆ ಹೊರುತ್ತದೆ.

ಆ ಲೆಕ್ಕವನ್ನು ಒಂದು ಹಾಳೆಯ ಮೇಲೆ ಬರೆದುಕೊಳ್ಳಿ. ಕೀಲಿಗೆ ಸಿಕ್ಕಿಸಿದ ತೋಳು, ತೋಳಿನ ತುದಿಯಲ್ಲಿ ಬಲ್ಬಿನ ಭಾರ. ತೋಳು ನೆಟ್ಟಗಿದ್ದರೆ ಭಾರ ಕೀಲಿನ ನೇರ ಮೇಲಿರುತ್ತದೆ, ಬೀಳಿಸುವ ಟಾರ್ಕ್ (ತಿರುಗಿಸುವ ಬಲ) ಸೊನ್ನೆ. ಓರೆ ಮಾಡಿದಷ್ಟೂ ಟಾರ್ಕ್ ಏರುತ್ತದೆ, ತೋಳು ನೆಲಕ್ಕೆ ಸಮಾಂತರವಾದಾಗ ಅತಿ ಹೆಚ್ಚು, ಅದಕ್ಕೂ ಕೆಳಗೆ ಇಳಿದರೆ ಮತ್ತೆ ಕಡಿಮೆ. ಹೈಸ್ಕೂಲಿನಲ್ಲಿ ಕಾಡಿದ ‘ಸೈನ್’ ಕೋಷ್ಟಕದ ಏರಿಳಿತವೇ ಇದು. ಸ್ಪ್ರಿಂಗ್ ಈ ಏರಿಳಿತಕ್ಕೆ ಪ್ರತಿ ಕೋನದಲ್ಲೂ ಸರಿಸಮವಾಗಿ ಉಲ್ಟಾ ಎಳೆಯಬೇಕು. ಒಂದೇ ಕೋನದಲ್ಲಿ ಸಮ ಮಾಡುವುದು ಯಾರಿಂದಲೂ ಆದೀತು. ಎಲ್ಲ ಕೋನಗಳಲ್ಲಿ ಹೇಗೆ?

ಕೀಲಿನ ನೇರ ಮೇಲೆ ಒಂದು ಗೂಟ ಹೊಡೆದು, ಗೂಟದಿಂದ ತೋಳಿನ ಮಧ್ಯಕ್ಕೆ ಸ್ಪ್ರಿಂಗ್ ಕಟ್ಟಿ. ಕೀಲು, ಗೂಟ, ಸ್ಪ್ರಿಂಗ್ ಕಟ್ಟಿದ ಜಾಗ, ಈ ಮೂರು ಸೇರಿ ಒಂದು ತ್ರಿಕೋನ ಆಯಿತು. ಸ್ಪ್ರಿಂಗ್ ಕೊಡುವ ಟಾರ್ಕ್ ಅಂದರೆ ಅದರ ಎಳೆತವನ್ನು ಕೀಲಿನಿಂದ ಅದಕ್ಕಿರುವ ಲಂಬ ದೂರದಿಂದ ಗುಣಿಸಿದ್ದು. ಸ್ಪ್ರಿಂಗಿನ ಎಳೆತ ಅದರ ಉದ್ದಕ್ಕೆ ನೇರ ಅನುಪಾತದಲ್ಲಿದೆ ಎಂದಿಟ್ಟುಕೊಳ್ಳಿ. ಆಗ ಟಾರ್ಕ್ ಏರಿಳಿಯುವುದು ಉದ್ದ ಗುಣಿಸು ಲಂಬ ದೂರದ ಪ್ರಕಾರ, ಅಂದರೆ ಆ ತ್ರಿಕೋನದ ವಿಸ್ತೀರ್ಣದ ಎರಡರಷ್ಟು! ತೋಳು ಓರೆಯಾದಂತೆ ತ್ರಿಕೋನದ ಎರಡು ಬದಿಗಳು ಬದಲಾಗುವುದಿಲ್ಲ, ನಡುವಿನ ಕೋನವಷ್ಟೇ ಬದಲಾಗುತ್ತದೆ. ವಿಸ್ತೀರ್ಣ ಏರಿಳಿಯುವುದೂ ಅದೇ ಸೈನ್ ಪ್ರಕಾರ. ಆ ಕಡೆ ಸೈನ್, ಈ ಕಡೆ ಸೈನ್, ಎರಡೂ ಹೊಡೆದುಹೋಗುತ್ತವೆ. ಕೋನವೇ ಲೆಕ್ಕದಿಂದ ಮಾಯ. ಒಂದು ಕಡೆ ಸಮವಾದ ತೋಳು ಎಲ್ಲ ಕಡೆಯೂ ಸಮ. ಇದನ್ನು ಮೊದಲ ಸಲ ಬಿಡಿಸಿದಾಗ ಎದ್ದು ಕೋಣೆಯಲ್ಲಿ ಒಂದು ಸುತ್ತು ಹಾಕಿ ಬಂದೆ.

ಆದರೆ ನಡುವೆ ಒಂದು ಷರತ್ತನ್ನು ಮೆಲ್ಲಗೆ ತೂರಿಸಿದ್ದೇನೆ, ಗಮನಿಸಿದಿರಾ? ಸ್ಪ್ರಿಂಗಿನ ಎಳೆತ ಅದರ ಉದ್ದಕ್ಕೆ ನೇರ ಅನುಪಾತದಲ್ಲಿರುವುದಿಲ್ಲ. ಹಿಗ್ಗಿದ ಭಾಗಕ್ಕೆ ಮಾತ್ರ. ಸೆಂಟಿಮೀಟರಿಗೆ ನೂರು ಗ್ರಾಂ ಎಳೆಯುವ ಹತ್ತು ಸೆಂಟಿಮೀಟರ್ ಸ್ಪ್ರಿಂಗನ್ನು ಹದಿನೈದಕ್ಕೆ ಹಿಗ್ಗಿಸಿದರೆ ಅದು ಎಳೆಯುವುದು ಐನೂರು ಗ್ರಾಂ. ನಮಗೆ ಬೇಕಿರುವುದು ಹದಿನೈದು ಸೆಂಟಿಮೀಟರ್ ಇದ್ದಾಗ ಒಂದೂವರೆ ಕಿಲೋ ಎಳೆಯುವ ಸ್ಪ್ರಿಂಗ್, ಅಂದರೆ ಸೊನ್ನೆ ಉದ್ದದಿಂದ ಹಿಗ್ಗಲು ಶುರುಮಾಡಿದಂತೆ ನಡೆದುಕೊಳ್ಳುವಂಥದ್ದು. ಸೊನ್ನೆ ಉದ್ದದ ಸ್ಪ್ರಿಂಗ್ ಎಲ್ಲಿಂದ ತರುವುದು? ಸುರುಳಿ ಸುತ್ತುವಾಗಲೇ ತಂತಿಯನ್ನು ಸ್ವಲ್ಪ ತಿರುಚುತ್ತ ಸುತ್ತಿದರೆ ಸುತ್ತುಗಳು ಒಂದನ್ನೊಂದು ಒತ್ತಿ ಕೂರುತ್ತವೆ. ಒಂದು ಕಿಲೋ ಎಳೆಯುವ ತನಕ ಅವು ಬಾಯಿ ಬಿಡುವುದಿಲ್ಲ; ಆಮೇಲೆ ಸೆಂಟಿಮೀಟರಿಗೆ ನೂರು ಗ್ರಾಂ ಪ್ರಕಾರ ಸರಾಗವಾಗಿ ಬಿಚ್ಚಿಕೊಳ್ಳುತ್ತವೆ. ಗ್ರಾಫ್ ಎಳೆದರೆ ಗೆರೆ ನೇರ ಸೊನ್ನೆಗೆ ಹೋಗಿ ಮುಟ್ಟುತ್ತದೆ. ಮನೆದೀಪದ ಸ್ಪ್ರಿಂಗ್ ಇಷ್ಟು ಕರಾರುವಾಕ್ಕಾಗಿ ಇರಬೇಕೆಂದಿಲ್ಲ, ಹತ್ತಿರ ಬಂದರೆ ಸಾಕು.

ಕರಾರುವಾಕ್ಕಾಗಿ ಬೇಕಿದ್ದದ್ದು ಬೇರೆಯವರಿಗೆ. ಅದೇ 1932ರಲ್ಲಿ, ಅಟ್ಲಾಂಟಿಕ್ ಸಾಗರದಾಚೆ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ, ಲೂಸಿಯನ್ ಲಾಕೊಸ್ಟ್ ಎಂಬ ವಿದ್ಯಾರ್ಥಿಗೆ ಪ್ರೊಫೆಸರ್ ಆರ್ನಲ್ಡ್ ರಾಂಬರ್ಗ್ ಒಂದು ಕೆಲಸ ಹಚ್ಚಿದ್ದರು: ನೆಲದ ನಿಧಾನ ಏರಿಳಿತವನ್ನು ಹಿಡಿಯುವ ಭೂಕಂಪಮಾಪಕ ಬೇಕು. ಹಾಗಾಗಲು ಒಳಗಿನ ತೂಕ ಎಲ್ಲಿಗೆ ಸರಿದರೂ ಸಮತೋಲ ಕೆಡಬಾರದು. ಲಾಕೊಸ್ಟ್ ತಲುಪಿದ್ದು ಇದೇ ಸೊನ್ನೆ ಉದ್ದದ ಸ್ಪ್ರಿಂಗಿಗೆ. ಗುರುಶಿಷ್ಯರು ಅದರಿಂದ ಮಾಡಿದ ಗುರುತ್ವಮಾಪಕ ಹತ್ತು ಕೋಟಿಯಲ್ಲಿ ಒಂದು ಭಾಗದಷ್ಟು ವ್ಯತ್ಯಾಸ ಗುರುತಿಸುವ ಮಟ್ಟ ಮುಟ್ಟಿತು. ನೆಲದಿಂದ ಒಂದು ಮೀಟರ್ ಮೇಲೇರಿದರೆ ಭೂಮಿಯ ಸೆಳೆತ ಕೋಟಿಗೆ ಮೂರು ಭಾಗದಷ್ಟು ತಗ್ಗುತ್ತದೆ. ಉಪಕರಣವನ್ನು ನೆಲದಿಂದ ಎತ್ತಿ ಮೇಜಿನ ಮೇಲಿಟ್ಟರೂ ಅದಕ್ಕೆ ತಿಳಿಯುತ್ತದೆ ಎಂದಾಯಿತು. ನೆಲದಡಿಯ ಎಣ್ಣೆ ಹುಡುಕುವವರು ಅದನ್ನು ಹೊತ್ತು ಜಗತ್ತೆಲ್ಲ ಸುತ್ತಿದರು.

ಅದು ಚಂದ್ರನಿಗೂ ಹೋಯಿತು. 1972ರ ಡಿಸೆಂಬರಿನಲ್ಲಿ ಅಪೊಲೊ 17ರ ಯಾತ್ರಿಗಳು ಚಂದ್ರನೆಲದ ಮೇಲೆ ಇಟ್ಟ ಉಪಕರಣಗಳಲ್ಲಿ ಇದೇ ಜಾತಿಯ ಸ್ಪ್ರಿಂಗಿನ ಗುರುತ್ವಮಾಪಕವೂ ಇತ್ತು. ಭೌತವಿಜ್ಞಾನಿ ಜೋಸೆಫ್ ವೆಬರ್ ಅದರಿಂದ ಐನ್‌ಸ್ಟೈನ್ ಹೇಳಿದ ಗುರುತ್ವ ಅಲೆಗಳನ್ನು ಹಿಡಿಯುವ ಆಸೆ ಇಟ್ಟುಕೊಂಡಿದ್ದರು. ಅಲ್ಲಿ ಬಿಚ್ಚಿ ನಿಲ್ಲಿಸಿದರೆ ತೂಕದ ಕಡ್ಡಿ ಸಮಸ್ಥಿತಿಗೆ ಬರಲೊಲ್ಲದು. ತಟ್ಟಿದರು, ಅಲುಗಾಡಿಸಿದರು, ಭೂಮಿಯಿಂದ ಆಜ್ಞೆ ಕಳಿಸಿದರು. ಬರಲಿಲ್ಲ. ಆಮೇಲೆ ಗೊತ್ತಾದದ್ದು ಇಷ್ಟು: ಚಂದ್ರನ ಆರನೇ ಒಂದು ಭಾಗದ ಸೆಳೆತಕ್ಕೆ ಎಷ್ಟು ತೂಕ ಬೇಕು ಎಂದು ಕೂಡಿಸುವಾಗ ಅಂಕಗಣಿತದಲ್ಲಿ ತಪ್ಪಾಗಿ, ತೂಕ ಸುಮಾರು ಶೇಕಡಾ ಎರಡರಷ್ಟು ಹಗುರವಾಗಿತ್ತು. ಸರಿಪಡಿಸಲು ಇಟ್ಟಿದ್ದ ಏರ್ಪಾಟು ಅಷ್ಟು ದೂರ ಎಟುಕಲಿಲ್ಲ.

ಬೆಂಗಳೂರಿನ ಅಂಗಡಿಗೆ ಹೋಗುವಾಗ ನೆನಪಿಡಬೇಕಾದದ್ದು ಈ ಶೇಕಡಾ ಎರಡನ್ನೇ. ಸ್ಪ್ರಿಂಗ್ ತೋಳು ಒಂದು ನಿರ್ದಿಷ್ಟ ತೂಕಕ್ಕೆ ಹದ ಮಾಡಿದ್ದು. ಮನೆದೀಪದ ಕೀಲಿನಲ್ಲಿ ಘರ್ಷಣೆ ಇರುವುದರಿಂದ ಅದು ವೆಬರ್ ಉಪಕರಣದಷ್ಟು ಮುನಿಸಿಕೊಳ್ಳುವುದಿಲ್ಲ, ಆದರೆ ಮುನಿಸು ಇದ್ದೇ ಇದೆ. ಹಳೇ ತಂತಿಬಲ್ಬು ಬರೀ ಗಾಜು. ಈಗಿನ ಎಲ್‌ಇಡಿಯ ಬುಡದಲ್ಲಿ ಡ್ರೈವರ್ ಸರ್ಕ್ಯೂಟು, ಶಾಖ ಹೊರಹಾಕುವ ಲೋಹ ಎಲ್ಲ ಸೇರಿ ಭಾರ ಜಾಸ್ತಿ. ಹಾಕಿದ ಮೇಲೆ ತಲೆ ಬಾಗತೊಡಗಿದರೆ ಸ್ಪ್ಯಾನರ್ ಹುಡುಕಬೇಡಿ, ಹಗುರವಾದ ಬಲ್ಬು ಹುಡುಕಿ. ಯಾರೋ ಮೂಲ ತಗಡಿನ ಟೋಪಿ ತೆಗೆದು ಪ್ಲಾಸ್ಟಿಕ್ಕಿನದು ಹಾಕಿದ್ದರೆ ತೋಳು ತಾನಾಗಿ ಮೇಲೇಳುತ್ತದೆ. ಅಂಗಡಿಯಲ್ಲೇ ಪರೀಕ್ಷೆ ಮಾಡಿ: ಬಲ್ಬು ಹಾಕಿಸಿ, ತೋಳನ್ನು ಮೇಲೆ, ನಡುವೆ, ಕೆಳಗೆ ನಿಲ್ಲಿಸಿ ನೋಡಿ. ಸ್ಪ್ರಿಂಗಿನ ಸುತ್ತುಗಳ ನಡುವೆ ತುಕ್ಕು ಇಳಿದಿದ್ದರೆ ಅಥವಾ ಒಂದೆರಡು ಸುತ್ತು ಮಾತ್ರ ಬಾಯಿ ಬಿಟ್ಟುಕೊಂಡಿದ್ದರೆ ಬೇಡ. ಕಂಬ ಬಾಗಿದ್ದರೆ ನೆಟ್ಟಗೆ ಮಾಡಿಸಬಹುದು, ಸತ್ತ ಸ್ಪ್ರಿಂಗಿಗೆ ಜೀವ ಬರಿಸುವುದು ಕಷ್ಟ.

“ಒರಿಜಿನಲ್ ಬಲ್ಬು, ತೆಗೀಬೇಡಿ, ಹಿಂದಿನ ಕಾಲದ್ದು ಬಾಳಿಕೆ ಜಾಸ್ತಿ” ಎಂದು ಅಂಗಡಿಯವನು ಹೇಳಬಹುದು. ಕ್ಯಾಲಿಫೋರ್ನಿಯಾದ ಲಿವರ್‌ಮೋರ್ ಅಗ್ನಿಶಾಮಕ ಠಾಣೆಯಲ್ಲಿ 1901ರಿಂದ ಉರಿಯುತ್ತಿರುವ ಬಲ್ಬಿನ ಕತೆಯನ್ನು ಆತನೂ ಮೊಬೈಲಿನಲ್ಲಿ ನೋಡಿರುತ್ತಾನೆ. ಅದರ ಬೆಳಕು ಈಗ ಸುಮಾರು ನಾಲ್ಕು ವಾಟಿನಷ್ಟು, ಅದರಲ್ಲಿ ಪತ್ರಿಕೆ ಓದಲಾಗದು. ಅದರ ಜೊತೆಗೆ ಹುಟ್ಟಿ ಸತ್ತ ಲಕ್ಷಾಂತರ ಬಲ್ಬುಗಳ ಕತೆ ಹೇಳುವವರಿಲ್ಲ.

ಬೆಳಕಿನ ವಿಷಯದಲ್ಲಿ ತೋಳಿನ ದೊಡ್ಡ ಲಾಭ ಅದು ಹತ್ತಿರ ಬರುವುದು. ದೂರ ಅರ್ಧವಾದರೆ ಪುಟದ ಮೇಲಿನ ಬೆಳಕು ಹೆಚ್ಚುಕಡಿಮೆ ನಾಲ್ಕು ಪಟ್ಟು. ಪುಟದಿಂದ ಎರಡು ಮೀಟರ್ ದೂರದ ಬಲ್ಬನ್ನು ಅರ್ಧ ಮೀಟರಿಗೆ ಇಳಿಸಿದರೆ ಹದಿನಾರು ಪಟ್ಟು. ಓದಲು ಐದಾರು ವಾಟಿನ ಎಲ್‌ಇಡಿ ಧಾರಾಳ ಸಾಕು. ಬೆಳಕನ್ನು ಸೂರಿಗೆ ಎರಚುವ 1980–90ರ ದಶಕದ ಹ್ಯಾಲೋಜನ್ ಸ್ಟ್ಯಾಂಡ್ ಲ್ಯಾಂಪ್ ಸಿಕ್ಕರೆ, ಎಷ್ಟೇ ಅಗ್ಗವಾದರೂ ಬಿಟ್ಟು ಬನ್ನಿ. 300 ವಾಟ್, 500 ವಾಟ್ ಬಲ್ಬುಗಳವು, ಪರದೆ ತಾಗಿದರೆ ಹೊತ್ತಿಕೊಳ್ಳುತ್ತದೆ. ಅಮೆರಿಕದಲ್ಲಿ ಇಂಥ ಬೆಂಕಿ ಅನಾಹುತಗಳು ಹೆಚ್ಚಿ, 1997ರಲ್ಲಿ ಸುಮಾರು ನಾಲ್ಕು ಕೋಟಿ ದೀಪಗಳಿಗೆ ತಂತಿಬಲೆ ಹಾಕಿಸುವ ಏರ್ಪಾಟು ಮಾಡಬೇಕಾಯಿತು.

ಇನ್ನು ವೈರು. ಹಳೇ ದೀಪದ ವೈರಿಗೆ ಹೊರಗೆ ನೂಲಿನ ಹೊದಿಕೆ, ಒಳಗೆ ರಬ್ಬರು. ನೂಲು ನೋಡಲು ಚಂದ, ಅಂಗಡಿಯವನೂ ಅದನ್ನೇ ಮುಂದೆ ಮಾಡುತ್ತಾನೆ. ಒಳಗಿನ ರಬ್ಬರು ದಶಕಗಳಲ್ಲಿ ಗಟ್ಟಿಯಾಗಿ ಬಿರುಕು ಬಿಟ್ಟಿರುತ್ತದೆ. ತೋಳು ಮಡಚುವ ಕೀಲಿನ ಬಳಿ ಮೊದಲು. ಅಲ್ಲಿ ತಾಮ್ರ ಕಬ್ಬಿಣಕ್ಕೆ ತಾಗಿದರೆ ಇಡೀ ದೀಪ ಲೈವ್. ಎರಡೇ ಪಿನ್ನಿನ ಪ್ಲಗ್ ಇದ್ದರೆ ಕರೆಂಟಿಗೆ ನೆಲ ಸೇರಲು ನೀವೇ ದಾರಿ. ಸ್ಕ್ರೂ ಹೋಲ್ಡರಿನ ವಿದೇಶಿ ದೀಪವಾದರೆ ಇನ್ನೊಂದು ಅಪಾಯ: ವೈರು ಅದಲುಬದಲಾಗಿದ್ದರೆ ಬಲ್ಬು ತಿರುಗಿಸುವಾಗ ಬೆರಳಿಗೆ ಸಿಗುವ ಹೊರಗಿನ ಲೋಹವೇ ಫೇಸ್. ದುಡ್ಡು ಕೊಟ್ಟು ಮನೆಗೆ ತಂದ ದಿನ ಪ್ಲಗ್ ಹಾಕಿ ನೋಡುವ ಚಪಲ ಬೇಡ. ಎಸ್.ಪಿ. ರಸ್ತೆಯಲ್ಲಿ ಮೂರೆಳೆಯ ವೈರು, ಹೊಸ ಹೋಲ್ಡರು, ಮೂರು ಪಿನ್ನಿನ ಪ್ಲಗ್ ಸಿಗುತ್ತವೆ. ಎಲೆಕ್ಟ್ರೀಷಿಯನ್ ಕರೆಸಿ ಎಲ್ಲ ಬದಲಿಸಿ, ಹಸಿರು ಎಳೆಯನ್ನು ದೀಪದ ಮೈಗೆ ಬಿಗಿಯಾಗಿ ಕಟ್ಟಿಸಿ. ಕೀಲುಗಳ ಬಳಿ ವೈರನ್ನು ಸ್ವಲ್ಪ ಸಡಿಲ ಬಿಡಿಸುವುದು ಮರೆಯಬೇಡಿ. ಬಿಗಿಯಾಗಿ ಎಳೆದು ಕಟ್ಟಿದರೆ ವೈರೇ ಇನ್ನೊಂದು ಸ್ಪ್ರಿಂಗಿನಂತೆ ತೋಳನ್ನು ಜಗ್ಗುತ್ತದೆ, ಕಾರ್ವರ್ಡೈನ್ ಲೆಕ್ಕದಲ್ಲಿ ಅದಕ್ಕೆ ಜಾಗವಿಲ್ಲ.