ಯಕ್ಷ ಪ್ರಶ್ನೆ ಕೇಳಿದ ಕೆರೆಗೆ ಅಮ್ಮನ ಜೊತೆ

ಉತ್ತರ ಹೊಳೆಯದ ಪ್ರಶ್ನೆಗೆ ನಾವು ಯಕ್ಷಪ್ರಶ್ನೆ ಅಂತೀವಿ. ಯಕ್ಷ ಧರ್ಮರಾಯನನ್ನು ನಿಲ್ಲಿಸಿ ಪ್ರಶ್ನೆ ಕೇಳಿದ್ದು ನಮ್ಮೂರ ಮೇಲಿನ ಕೆರೆ ದಡದಲ್ಲೇ ಅನ್ನೋದು ಉತ್ತರಾಖಂಡದ ಸಾರಿ ಹಳ್ಳಿಯವರ ನಂಬಿಕೆ. ಕೆರೆಯ ಹೆಸರು ದೇವರಿಯಾ ತಾಲ್. ಎತ್ತರ ಸುಮಾರು 2,438 ಮೀಟರ್. ಹಳ್ಳಿಯಿಂದ ಹೆಚ್ಚುಕಡಿಮೆ ಎರಡೂವರೆ ಕಿಲೋಮೀಟರ್ ಏರು. ಬೆಳಿಗ್ಗೆ ಹೊರಟರೆ ಮಧ್ಯಾಹ್ನದ ಊಟಕ್ಕೆ ವಾಪಸ್. ಟೆಂಟು ಬೇಡ, ವಾರಗಟ್ಟಲೆ ರಜೆ ಬೇಡ.

ಇಷ್ಟು ಚಿಕ್ಕದನ್ನೇ ಆರಿಸಿಕೊಂಡಿದ್ದಕ್ಕೆ ಕಾರಣ ಇದೆ. 2024ರ ಜೂನ್‌ನಲ್ಲಿ ಇದೇ ರಾಜ್ಯದ ಸಹಸ್ರ ತಾಲ್‌ಗೆ ಹೋಗಿದ್ದ 22 ಜನರ ತಂಡ ಹಿಮಗಾಳಿಗೆ ಸಿಕ್ಕಿ 9 ಜನ ತೀರಿಕೊಂಡರು. ತಂಡದಲ್ಲಿ ಬೆಂಗಳೂರಿನವರೇ ಹೆಚ್ಚು. ಅದೂ ಕೆರೆಯ ಚಾರಣವೇ. ಆದರೆ 4,000 ಮೀಟರ್‌ಗಿಂತ ಎತ್ತರ, ರಸ್ತೆಯಿಂದ ದಿನಗಟ್ಟಲೆ ನಡಿಗೆ. ಆ ವಾರ ಟಿವಿ ನೋಡಿದ ಅಮ್ಮ, "ಇನ್ಮೇಲೆ ಹಿಮಾಲಯದ ಹೆಸರೆತ್ತಬೇಡ" ಅಂದುಬಿಟ್ಟಳು. ನಾನು ವಾದಕ್ಕೆ ಇಳಿಯಲಿಲ್ಲ. ಆ ಭಯ ಸುಳ್ಳಲ್ಲವಲ್ಲ. ಆಮೇಲೊಂದು ದಿನ, "ಹಾಗಾದ್ರೆ ನೀನೇ ಬಾ, ನೋಡಿ ಹೇಳು" ಅಂದೆ.

ಅಮ್ಮನಿಗೆ 58. ಎಡಗಾಲಿನ ಮಂಡಿ ನೋವು ಹಳೇ ಸ್ನೇಹಿತ. ಹೊರಡೋ ಮೊದಲೇ ಎರಡು ಷರತ್ತು ಹಾಕಿಕೊಂಡ್ವಿ. ಅಮ್ಮ ಸಾಕು ಅಂದ ಕಡೆಯಿಂದ ವಾಪಸ್. ಕೆರೆ ಕಾಣಲಿ ಬಿಡಲಿ, ಹನ್ನೊಂದು ಗಂಟೆಗೆ ಇಳಿಯೋದು. ವಸಂತದಲ್ಲಿ ಅಲ್ಲಿ ಬೆಳಗ್ಗೆ ಆಕಾಶ ತೊಳೆದಿಟ್ಟ ಹಾಗಿರುತ್ತೆ, ಮಧ್ಯಾಹ್ನದ ಹೊತ್ತಿಗೆ ಮೋಡ ಕಟ್ಟಿ ಆಲಿಕಲ್ಲು ಬಿದ್ದರೂ ಬಿತ್ತು. ಎತ್ತರದ ಕಾಯಿಲೆ ಸಾಮಾನ್ಯವಾಗಿ 2,500 ಮೀಟರ್ ದಾಟಿದ ಮೇಲೆ ಕಾಡೋದು, ಹಾಗಾಗಿ ಆ ಚಿಂತೆ ಕಮ್ಮಿ.

ಋಷಿಕೇಶದಿಂದ ದೇವಪ್ರಯಾಗ, ರುದ್ರಪ್ರಯಾಗ ದಾಟಿ ಊಖೀಮಠದ ದಾರಿ. ಒಂದು ದಿನ ಪೂರ್ತಿ ಬೇಕು, ಅಷ್ಟು ತಿರುವು. ಊಖೀಮಠದಲ್ಲಿ ಇಳಿದು ಓಂಕಾರೇಶ್ವರ ಗುಡಿ ನೋಡಿ ಹೋಗಿ. ಚಳಿಗಾಲದಲ್ಲಿ ಕೇದಾರನಾಥನ ಪೂಜೆ ನಡೆಯೋದು ಇಲ್ಲೇ. ಕೇದಾರದ ಮುಖ್ಯ ಅರ್ಚಕರಾದ ರಾವಲ್ ದಕ್ಷಿಣದ, ಹೆಚ್ಚಾಗಿ ಕರ್ನಾಟಕದ, ವೀರಶೈವ ಸಮುದಾಯದವರಾಗಿರೋದು ಹಳೇ ರೂಢಿ. ಇದನ್ನು ಕೇಳಿದ್ದೇ ಅಮ್ಮನಿಗೆ ಊರು ಅರ್ಧ ನಮ್ಮದೇ ಆಗಿಹೋಯ್ತು.

ಸಾರಿ ಇರೋದೇ ಸುಮಾರು 2,000 ಮೀಟರ್ ಎತ್ತರದಲ್ಲಿ, ಅಂದ್ರೆ ನಮ್ಮ ಮುಳ್ಳಯ್ಯನಗಿರಿ ತುದಿಯ ಆಸುಪಾಸು. ಬೆಳಗ್ಗೆ ಐದೂವರೆಗೆ ಹೊರಟ್ವಿ. ದಾರಿಗೆ ಕಲ್ಲು ಹಾಸಿದ್ದಾರೆ, ದಿಕ್ಕು ತಪ್ಪೋ ಮಾತೇ ಇಲ್ಲ. ಆದ್ರೆ ಏರು ಮಾತ್ರ ಶುರುವಿನಿಂದಲೇ ಏರು. ಸ್ವಲ್ಪ ಮೇಲೆ ಒಂದು ಪುಟ್ಟ ಗುಡಿ, ಅದನ್ನು ದಾಟಿದರೆ ಕೆಂಪು ಶುರು. ಬುರಾಂಶ್ ಮರಗಳು. ರೋಡೋಡೆಂಡ್ರಾನ್ ಅಂದ್ರೆ ಗೊತ್ತಾಗಬಹುದು, ಉತ್ತರಾಖಂಡದ ರಾಜ್ಯವೃಕ್ಷ. ಮಾರ್ಚ್, ಏಪ್ರಿಲ್‌ನಲ್ಲಿ ಇಡೀ ಮರ ಹೂವಾಗುತ್ತೆ. ಇದೇ ಜಾತಿಯ ಒಂದು ಬಗೆ ನಮ್ಮ ಪಕ್ಕದ ನೀಲಗಿರಿಯ ಶೋಲಾ ಕಾಡಲ್ಲೂ ಇದೆ. ಹಿಮಾಲಯಕ್ಕೂ ನೀಲಗಿರಿಗೂ ಎಲ್ಲಿಯ ನಂಟು ಅಂತ ವಿಜ್ಞಾನಿಗಳು ತಲೆಕೆಡಿಸಿಕೊಂಡ ಗಿಡಗಳಲ್ಲಿ ಇದೂ ಒಂದು. ಉದುರಿದ ಹೂವನ್ನು ಅಮ್ಮ ಸೆರಗಲ್ಲಿ ತುಂಬಿಕೊಂಡಳು. ಹೌದು, ಸೀರೆ, ಕಾಲಿಗೆ ಸ್ಪೋರ್ಟ್ಸ್ ಶೂ.

ಅರ್ಧ ದಾರಿ ಕಳೆದ ಮೇಲೆ ಒಂದು ಕಲ್ಲಿನ ಮೇಲೆ ಕೂತವಳು ಏಳಲಿಲ್ಲ. ಮಂಡಿ ಒತ್ತಿಕೊಳ್ತಾ ಇದ್ದಳು. "ಇಳಿಯೋಣ್ವಾ?" ಅಂದೆ. ಈ ಪ್ರಶ್ನೆಯನ್ನು ನಿಜವಾಗಿ ಕೇಳಬೇಕು ಕಣ್ರೀ, ಬಾಯಿಮಾತಿಗಲ್ಲ. ಇಲ್ಲ ಅಂತಲೇ ಉತ್ತರ ಬರಲಿ ಅಂತ ಕೇಳಿದರೆ ಜೊತೆಗಿರೋರು ನಮಗೋಸ್ಕರ ನೋವು ನುಂಗ್ತಾರೆ. ನಾನು ಬ್ಯಾಗ್ ತಿರುಗಿಸಿ ಕೆಳಗಿನ ಕಡೆಗೇ ಇಟ್ಟೆ. ಅಮ್ಮ ಅದನ್ನು ನೋಡಿದಳು. ನೀರು ಕುಡಿದು, ಕಡಲೆಮಿಠಾಯಿ ತಿಂದು, ಹತ್ತು ನಿಮಿಷ ಬಿಟ್ಟು, "ನೋವು ಏರುವಾಗ ಇಲ್ಲ, ನಿಂತಾಗ. ನಡಿ, ನಿಧಾನ" ಅಂದಳು. ಅಲ್ಲಿಂದ ಮುಂದೆ ಹೆಜ್ಜೆಯ ಲೆಕ್ಕ ಅವಳದೇ.

ಮೇಲೆ ಅರಣ್ಯ ಇಲಾಖೆಯ ಚೀಟಿ ಮಾಡಿಸಿ ತಿರುಗಿದರೆ ಹುಲ್ಲುಗಾವಲು, ನಡುವೆ ಕೆರೆ. ದೊಡ್ಡದೇನಲ್ಲ, ನಮ್ಮೂರ ಕೆರೆ ಇದಕ್ಕಿಂತ ದೊಡ್ಡದು. ಆದ್ರೆ ಗಾಳಿ ಎದ್ದಿರಲಿಲ್ಲ, ನೀರು ಅಲುಗುತ್ತಿರಲಿಲ್ಲ. 7,138 ಮೀಟರ್‌ನ ಚೌಖಂಬಾ, ನಾಲ್ಕು ಕಂಬದಂಥ ಶಿಖರಗಳ ಸಮೇತ, ತಲೆಕೆಳಗಾಗಿ ಕೆರೆಯೊಳಗಿತ್ತು. ಅದಕ್ಕೇ ಬೇಗ ಹೊರಡಿ ಅನ್ನೋದು. ಒಂಬತ್ತರ ಸುಮಾರಿಗೆ ಗಾಳಿ ಬಂತು, ಚಿತ್ರ ಅಳಿಸಿಹೋಯ್ತು. ರೀಲ್ಸ್ ಮಾಡೋಕೆ ಆಮೇಲೆ ಬಂದ ಹುಡುಗರ ಗುಂಪಿಗೆ ಬರೀ ಹಸಿರು ನೀರು ಸಿಕ್ತು, ಪಾಪ.

ಅಮ್ಮ ಫೋಟೋಗೆ ನಿಲ್ಲಲಿಲ್ಲ. ದಡದಲ್ಲಿ ಹೂವಿಟ್ಟು ಸುಮ್ಮನೆ ಕೂತಳು. ಆಮೇಲೆ, "ಆ ಮಕ್ಕಳ ಅಪ್ಪ ಅಮ್ಮ ಈಗ ಏನ್ ಮಾಡ್ತಿರ್ತಾರೋ" ಅಂದಳು. ಯಾರ ಮಾತು ಅಂತ ನಾನು ಕೇಳಲಿಲ್ಲ.

ಇಳಿಯುವಾಗಲೇ ಮಂಡಿಗೆ ನಿಜವಾದ ಪೆಟ್ಟು. ಎರಡು ಕೋಲು ಇರಲಿ, ಬಾಡಿಗೆಗೂ ಸಿಗುತ್ತೆ. ಹತ್ತೂಮುಕ್ಕಾಲಿಗೆ ಹೊರಟು ಹನ್ನೆರಡೂವರೆಗೆ ಸಾರಿ ಮುಟ್ಟಿದ್ವಿ. ಅಂಗಡಿಯೊಂದರಲ್ಲಿ ಬುರಾಂಶ್ ಶರಬತ್ತು ಹೇಳಿ ಕೂತಾಗ ತಗಡಿನ ಮೇಲೆ ಟಪಟಪ ಆಲಿಕಲ್ಲು ಶುರುವಾಯ್ತು. ಅಂಗಡಿಯವರು ತುಂಗನಾಥದ ವಿಷಯ ತೆಗೆದರು. 3,680 ಮೀಟರ್, ಹಿಮ ಕರಗಿದ ಮೇಲೆ ಬನ್ನಿ ಮಾತಾಜಿ ಅಂದರು. ಅಮ್ಮ ಲೋಟ ಕೆಳಗಿಟ್ಟು ನನ್ನ ಕಡೆ ತಿರುಗಿ, "ರೋಡು ಎಲ್ಲೀವರೆಗೆ ಹೋಗುತ್ತೆ ಕೇಳು" ಅಂದಳು.